ಭಾಷೆ ಕೊಟ್ಟವರು, ಭಾಷೆಗೆ ತಪ್ಪಿದವರು: ಕನ್ನಡ ಚಿತ್ರಗಳಲ್ಲಿ ಮಾತು ಮಾಡುವ ಕೆಲಸ

ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥಕ ಕ್ರಿಯಾಪದವೆಂಬ ಪಾಠವೊಂದಿದೆ. ಆಜ್ಞೆ, ಆಶೀರ್ವಾದ, ಪ್ರಾರ್ಥನೆ, ಹಾರೈಕೆ, ಸಮ್ಮತಿ ಮೊದಲಾದ ಅರ್ಥಗಳಲ್ಲಿ ಧಾತುವಿಗೆ ಪ್ರತ್ಯಯಗಳು ಹತ್ತುವ ಬಗೆಯನ್ನು ಅದು ಹೇಳುತ್ತದೆ. 'ಅವನು ಹೋಗಲಿ', 'ನಾವು ಮಾಡೋಣ', 'ದೇವರು ಒಳಿತು ಮಾಡಲಿ' ಎಂಬ ಉದಾಹರಣೆಗಳನ್ನು ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳಿ ಮುಗಿಸುವುದು ನಮ್ಮ ಶಾಲೆಗಳ ರೂಢಿ. 'ಹೋಗಲಿ' ಎಂಬ ಒಂದೇ ರೂಪವು ಅರಸನ ಬಾಯಲ್ಲಿ ಅಪ್ಪಣೆಯೂ, ತಾಯಿಯ ಬಾಯಲ್ಲಿ ಕ್ಷಮೆಯೂ, ಸೋತವನ ಬಾಯಲ್ಲಿ ನಿಟ್ಟುಸಿರೂ ಆಗುವುದು ಹೇಗೆಂಬುದನ್ನು ಹೇಳಲು ಆ ಪಾಠಕ್ಕೆ ವ್ಯವಧಾನವಿಲ್ಲ. ಅದನ್ನು ತಿಳಿಯಬೇಕಾದರೆ ಆಡುವವನು, ಕೇಳುವವನು, ಆಡಿದ ಸಂದರ್ಭ ಮೂರೂ ಕಣ್ಣೆದುರಿಗೆ ಇರಬೇಕು. ನಾಟಕದಲ್ಲಿ ಅವು ಇರುತ್ತವೆ. ಚಲನಚಿತ್ರದಲ್ಲಿ ಆಡುವವನ ಮುಖವನ್ನೂ ಕೇಳುವವನ ಮುಖವನ್ನೂ ಹತ್ತಿರದಿಂದ ನೋಡುವಷ್ಟು ಸ್ಪಷ್ಟವಾಗಿ ಇರುತ್ತವೆ.

ಆಡುವುದೂ ಒಂದು ಬಗೆಯ ಮಾಡುವುದೇ ಎಂಬ ವಿಚಾರವನ್ನು ಆಕ್ಸ್‌ಫರ್ಡಿನ ತತ್ತ್ವಜ್ಞ ಜೆ. ಎಲ್. ಆಸ್ಟಿನ್ ಅವರು 1955ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸಗಳಲ್ಲಿ ವಿವರಿಸಿದರು. ಅವರು ತೀರಿಕೊಂಡ ಮೇಲೆ, 1962ರಲ್ಲಿ, ಅವು ಪುಸ್ತಕರೂಪದಲ್ಲಿ ಬಂದವು. ವಿದ್ವಾಂಸರು ಇದನ್ನು ವಾಕ್‌ಕ್ರಿಯೆ ಎನ್ನುತ್ತಾರೆ. ಹೊಸ ಹಡಗಿಗೆ ಹೆಸರಿಡುವ ಸಮಾರಂಭ ಆಸ್ಟಿನ್ ಅವರು ಕೊಡುವ ಉದಾಹರಣೆಗಳಲ್ಲೊಂದು. ಹಡಗು ಕಾಣದ ನಮ್ಮ ಸೀಮೆಗೆ ತೊಟ್ಟಿಲ ಉದಾಹರಣೆಯೇ ಸಾಕು. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆ ಅದರ ಕಿವಿಯಲ್ಲಿ ಹೆಸರು ಹೇಳಿ 'ಕುರ್ರ್' ಎನ್ನುತ್ತಾಳೆ. ಆ ಗಳಿಗೆಯಿಂದ ಕೂಸಿಗೆ ಹೆಸರಾಯಿತು. ಪಕ್ಕದ ಮನೆಯ ಹುಡುಗನೊಬ್ಬ ಹಿಂದಿನ ದಿನವೇ ಬಗ್ಗಿ ಅದೇ ಹೆಸರನ್ನು ಅದೇ ಕಿವಿಯಲ್ಲಿ ಹೇಳಿದ್ದರೆ ಏನೂ ಆಗುತ್ತಿರಲಿಲ್ಲ. ಮಾತು ಅದೇ, ಆದರೆ ಅಧಿಕಾರ ಬೇರೆ, ಹೊತ್ತು ಬೇರೆ.

ಈ ಅಳತೆಗೋಲನ್ನು ಹಿಡಿದು ಕೆಲವು ಚಿತ್ರಗಳ ಸಂಭಾಷಣೆಯನ್ನು ನೋಡಬೇಕೆಂಬುದು ನಮ್ಮ ಉದ್ದೇಶ. ಸಂಭಾಷಣೆ ಚೆನ್ನಾಗಿದೆ ಎಂದು ನಾವು ಹೇಳುವಾಗ ಸಾಮಾನ್ಯವಾಗಿ ಪ್ರಾಸವನ್ನೋ ಚಪ್ಪಾಳೆಯನ್ನೋ ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತೇವೆ. ಆಡಿದ ಮಾತಿನಿಂದ ಏನು ಬದಲಾಯಿತು, ಆಡುವ ಮೊದಲಿದ್ದ ಸ್ಥಿತಿಗೆ ಆ ಪಾತ್ರ ಮರಳಿ ಹೋಗಬಲ್ಲದೇ ಎಂದು ಕೇಳುವುದಿಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲದ ಕನ್ನಡಿಗರಾದ ನಮಗೆ ಈ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆಯೂ ಇದೆ. ಅದನ್ನು ಮುಂದೆ ಎತ್ತಿಕೊಳ್ಳುತ್ತೇವೆ.

ಕನ್ನಡದಲ್ಲಿ 'ಭಾಷೆ' ಎಂಬ ಶಬ್ದಕ್ಕೆ ಎರಡರ್ಥ. ಆಡುವ ನುಡಿಯೂ ಭಾಷೆಯೇ, ಕೊಟ್ಟ ವಚನವೂ ಭಾಷೆಯೇ. ಭಾಷೆ ಕೊಡುತ್ತೇವೆ, ಭಾಷೆಗೆ ತಪ್ಪುತ್ತೇವೆ. ನೆರೆಯ ತೆಲುಗಿನಲ್ಲಿಯೂ 'ಬಾಸ' ಎಂದರೆ ವಚನ. 'ಮಾಟ ಇಚ್ಚಾಡು', 'ಮಾಟ ತಪ್ಪಾಡು' ಎಂಬವು ನಮ್ಮ 'ಮಾತು ಕೊಟ್ಟ', 'ಮಾತಿಗೆ ತಪ್ಪಿದ' ಎಂಬವುಗಳ ಅವಳಿಗಳು. ಎರಡೂ ನುಡಿಗಳ ಜನ ಹರಿಶ್ಚಂದ್ರನನ್ನು ತಮ್ಮವನೆಂದೇ ತಿಳಿದದ್ದಕ್ಕೆ ಇದೂ ಒಂದು ಕಾರಣವಿರಬೇಕು. 1965ರಲ್ಲಿ ಒಂದೇ ಕಥೆ ಎರಡು ಚಿತ್ರಗಳಾಗಿ ಬಂದಿತು. ಕನ್ನಡದ 'ಸತ್ಯ ಹರಿಶ್ಚಂದ್ರ'ವನ್ನು ಹುಣಸೂರು ಕೃಷ್ಣಮೂರ್ತಿಯವರು ರಾಜಕುಮಾರ್ ಅವರಿಂದ ಮಾಡಿಸಿದರೆ, ತೆಲುಗಿನದನ್ನು ಕೆ. ವಿ. ರೆಡ್ಡಿಯವರು ಎನ್. ಟಿ. ರಾಮರಾವ್ ಅವರಿಂದ ಮಾಡಿಸಿದರು. ಕನ್ನಡ ಚಿತ್ರದ ಸುಡುಗಾಡಿನ ಹಾಡಿಗೆ ಕಂಠ ಕೊಟ್ಟವರು ತೆಲುಗಿನ ಘಂಟಸಾಲ ಅವರು ಎಂಬುದು ನಮ್ಮ ಗಡಿನಾಡಿನವರಿಗೆ ಹೆಚ್ಚಿನ ಸಂತೋಷದ ಸಂಗತಿ.

ಹರಿಶ್ಚಂದ್ರನ ಕಥೆಯಲ್ಲಿ ಜನ ನೆನೆಯುವುದು ಸುಡುಗಾಡನ್ನು. ಆದರೆ ಕಥೆಯ ಕೀಲು ಇರುವುದು ಬಹಳ ಮುಂಚೆ. ರಾಘವಾಂಕನ ಕಾವ್ಯದ ಕಾಲದಿಂದ ಬಂದ ಆ ಪ್ರಸಂಗದಲ್ಲಿ ವಿಶ್ವಾಮಿತ್ರನು ತಾನು ಸೃಷ್ಟಿಸಿ ಕಳಿಸಿದ ಕನ್ನೆಯರನ್ನು ಮದುವೆಯಾಗೆಂದು ಅರಸನನ್ನು ಒತ್ತಾಯಿಸುತ್ತಾನೆ. ಅದೊಂದನ್ನು ಬಿಟ್ಟು ಬೇರೇನನ್ನಾದರೂ, ರಾಜ್ಯವನ್ನಾದರೂ ಕೊಟ್ಟೇನು ಎಂಬ ಅರ್ಥದ ಮಾತು ಅರಸನಿಂದ ಬರುತ್ತದೆ. ವ್ಯಾಕರಣದ ಪ್ರಕಾರ 'ಕೊಟ್ಟೇನು' ಎಂಬುದು ಸಂಭಾವನಾರ್ಥಕ, ಅದರಲ್ಲಿ ನಿಶ್ಚಯವಿಲ್ಲ. ವಿಶ್ವಾಮಿತ್ರನು ಅದನ್ನು ದಾನವೆಂದು ಹಿಡಿದುಕೊಂಡ ಕ್ಷಣದಲ್ಲಿ ಅದು ದಾನವಾಯಿತು. ಅರಸನು 'ನಾನು ಆ ಅರ್ಥದಲ್ಲಿ ಹೇಳಲಿಲ್ಲ' ಎನ್ನಬಹುದಿತ್ತು. ನಾವಾದರೆ ಅನ್ನುತ್ತಿದ್ದೆವು, ನಮ್ಮ ಚುನಾಯಿತ ಪ್ರತಿನಿಧಿಗಳು ದಿನಕ್ಕೆರಡು ಬಾರಿ ಅನ್ನುತ್ತಾರೆ. ಕೇಳಿದವನು ಯಾವ ಅರ್ಥದಲ್ಲಿ ಹಿಡಿದನೋ ಅದಕ್ಕೂ ತಾನು ಹೊಣೆ ಎಂದು ಒಪ್ಪಿಕೊಂಡದ್ದರಲ್ಲಿ ಹರಿಶ್ಚಂದ್ರನ ಸತ್ಯವಿದೆ. ನಿಜ ಹೇಳುವುದೇ ಸತ್ಯ ಎಂದು ಪಠ್ಯಪುಸ್ತಕಗಳು ಕಲಿಸುತ್ತವೆ. ಆಡಿದ್ದರಿಂದ ಹಿಂದೆ ಸರಿಯದಿರುವುದೂ ಸತ್ಯ ಎಂದು ಈ ಕಥೆ ಕಲಿಸುತ್ತದೆ, ಮತ್ತು ರಾಜಕುಮಾರ್ ಅವರ ತಗ್ಗಿದ ದನಿ ಅದನ್ನು ಸೂತ್ರ, ಭಾಷ್ಯಗಳ ಹಂಗಿಲ್ಲದೆ ಮುಟ್ಟಿಸುತ್ತದೆ.

ಆಡಿದ ಮಾತು ಹೀಗೆ ಕಟ್ಟಿಹಾಕಿದರೆ, ಆಡಬೇಕಾದವರು ಆಡದೆ ಉಳಿದ ಮಾತು ಇನ್ನೂ ಬಿಗಿಯಾಗಿ ಕಟ್ಟಿಹಾಕುತ್ತದೆ. ಅದಕ್ಕೆ 1970ರ 'ಸಂಸ್ಕಾರ'ಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತೋರದು. ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಚಿತ್ರ ಮಾಡಿದ ಪಟ್ಟಾಭಿರಾಮ ರೆಡ್ಡಿಯವರು ತೆಲುಗು ಕವಿ, ನೆಲ್ಲೂರು ಕಡೆಯವರು. ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾಗಿ, ಪಿ. ಲಂಕೇಶರು ನಾರಣಪ್ಪನಾಗಿ, ಸ್ನೇಹಲತಾ ರೆಡ್ಡಿಯವರು ಚಂದ್ರಿಯಾಗಿ ಅಭಿನಯಿಸಿದ್ದಾರೆ. ಆಚಾರಗೆಟ್ಟ ನಾರಣಪ್ಪ ಸತ್ತಿದ್ದಾನೆ. ಹೆಣ ಎತ್ತುವತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಸಂಸ್ಕಾರವನ್ನು ಯಾರು ಮಾಡಬೇಕೆಂಬುದು ಇತ್ಯರ್ಥವಾಗಿಲ್ಲ. ಅವನನ್ನು ಬದುಕಿದ್ದಾಗಲೇ ಬಹಿಷ್ಕರಿಸಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಆದರೆ ಬಹಿಷ್ಕರಿಸಿದರೆ ಮುಸಲ್ಮಾನನಾಗಿ ಅಗ್ರಹಾರದಲ್ಲೇ ಇರುತ್ತೇನೆಂದು ಅವನು ಹೆದರಿಸಿದ್ದ. ಆ ಬೆದರಿಕೆಯ ಮಾತು ಬಹಿಷ್ಕಾರದ ಮಾತನ್ನು ತಡೆಯಿತು. ಆಡದ ಬಹಿಷ್ಕಾರದಿಂದಾಗಿ ಅವನು ಬ್ರಾಹ್ಮಣನಾಗಿಯೇ ಸತ್ತ.

ಇನ್ನು ತೀರ್ಪು ಹೇಳುವ ಅಧಿಕಾರವಿರುವುದು ಪ್ರಾಣೇಶಾಚಾರ್ಯರೊಬ್ಬರಿಗೆ. ಅವರು ಗ್ರಂಥಗಳನ್ನು ತಿರುವುತ್ತಾರೆ, ಉತ್ತರವಿಲ್ಲ. ಮಾರುತಿಯ ಗುಡಿಗೆ ಹೋಗಿ ಪ್ರಸಾದ ಕೇಳುತ್ತಾರೆ, ದೇವರು ಸುಮ್ಮನಿದ್ದಾನೆ. ಉಳಿದವರ ಮಾತುಗಳನ್ನು ಗಮನಿಸಿ ಕೇಳಿದರೆ ಪ್ರತಿಯೊಂದೂ ಜಾರಿಕೊಳ್ಳುವ ಮಾತು. ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿಟ್ಟ ಮೇಲೆ ಅವೇ ಬಾಯಿಗಳಲ್ಲಿ ಜಾರಿಕೊಳ್ಳುವ ಮಾತು ಮುಂದೆ ಬರುವ ಮಾತಾಗುತ್ತದೆ; ವಾಕ್ಯಗಳು ಹೆಚ್ಚು ಬದಲಾಗುವುದಿಲ್ಲ, ಅವು ಮಾಡುವ ಕೆಲಸ ಮಾತ್ರ ತಿರುವುಮುರುವಾಗುತ್ತದೆ. ಅಷ್ಟರಲ್ಲಿ ಯಾರ ಅಪ್ಪಣೆಯನ್ನೂ ಕಾಯದೆ ಚಂದ್ರಿಯು ಒಬ್ಬ ಮುಸಲ್ಮಾನನ ನೆರವಿನಿಂದ ರಾತ್ರಿಯಲ್ಲಿ ಹೆಣವನ್ನು ಸುಟ್ಟು ಹೊರಟುಹೋಗಿರುತ್ತಾಳೆ. ತೀರ್ಪು ಕಾಯುತ್ತಿದ್ದವರಿಗೆ ಅದು ತಿಳಿಯುವುದೇ ಇಲ್ಲ. ಶಾಸ್ತ್ರ ಬಲ್ಲವರ ಮೌನ ಮತ್ತು ಶಾಸ್ತ್ರ ಬಾರದವಳ ಕೆಲಸ ಇವೆರಡನ್ನು ಅಕ್ಕಪಕ್ಕ ಇಟ್ಟುನೋಡಿದರೆ ಈ ಚಿತ್ರದಲ್ಲಿ ಸಂಭಾಷಣೆಯ ಮಿತವ್ಯಯಕ್ಕೆ ಕಾರಣ ತಿಳಿಯುತ್ತದೆ.

ಅದೇ ಲೇಖಕರ ಕಥೆಯಿಂದ ಗಿರೀಶ ಕಾಸರವಳ್ಳಿಯವರು ಮಾಡಿದ, 1977ರ ಸಾಲಿನ ಸ್ವರ್ಣಕಮಲ ಪಡೆದ 'ಘಟಶ್ರಾದ್ಧ'ದಲ್ಲಿ ಆಡಬಾರದ ಮಾತನ್ನು ಆಡಿಯೇಬಿಡುತ್ತಾರೆ. ವಿಧವೆ ಯಮುನಕ್ಕ ಬಸಿರಾದಳೆಂದು ತಂದೆ ಉಡುಪರು ಬದುಕಿರುವ ಮಗಳಿಗೆ ಶ್ರಾದ್ಧ ಮಾಡುತ್ತಾರೆ. ಮಂತ್ರ ಮುಗಿದು ಗಡಿಗೆ ಒಡೆದ ಮೇಲೆ ಅವಳು ಸತ್ತವಳು. ಉಸಿರಾಡುತ್ತಿದ್ದರೂ ಊರಿನ ಲೆಕ್ಕದಲ್ಲಿ ಇಲ್ಲ. ಮಾತಿಗೆ ಇಷ್ಟು ಕ್ರೂರವಾದ ಶಕ್ತಿಯಿದೆ ಎಂಬುದನ್ನು ಪಾಠಶಾಲೆಯ ಪುಟ್ಟ ಹುಡುಗ ನಾಣಿಯ ಕಣ್ಣಿನಿಂದ ತೋರಿಸಿದ್ದು ನಿರ್ದೇಶಕರ ವಿವೇಕ. ಅವನಿಗೆ ಮಂತ್ರದ ಅರ್ಥ ಗೊತ್ತಿಲ್ಲ. ಅದರ ಫಲ ಮಾತ್ರ ಗೊತ್ತಾಗುತ್ತದೆ.

ಈಗ ನಮ್ಮ ವೃತ್ತಿಬಾಂಧವರೊಬ್ಬರ ವಿಚಾರ. 1972ರ 'ನಾಗರಹಾವು' ಚಿತ್ರದ ಚಾಮಯ್ಯ ಮೇಷ್ಟ್ರು ಕನ್ನಡಿಗರ ಮನಸ್ಸಿನಲ್ಲಿ ಆದರ್ಶ ಗುರುವಾಗಿ ನೆಲೆಸಿದ್ದಾರೆ. ಶಿಕ್ಷಕರ ದಿನಾಚರಣೆಯ ಭಾಷಣಗಳಲ್ಲಿ ಅವರ ಹೆಸರು ಬಾರದ ವರ್ಷವಿಲ್ಲ. ಕೆ. ಎಸ್. ಅಶ್ವತ್ಥ್ ಅವರ ಅಭಿನಯಕ್ಕೆ ನಾವೂ ತಲೆಬಾಗುತ್ತೇವೆ. ಆದರೂ ಅವರು ರಾಮಾಚಾರಿಯಿಂದ ಅಲಮೇಲುವಿನ ಪ್ರೀತಿಯನ್ನು ಬಿಡಿಸುವ ಸನ್ನಿವೇಶವನ್ನು ವಾಕ್‌ಕ್ರಿಯೆಯ ದೃಷ್ಟಿಯಿಂದ ಇನ್ನೊಮ್ಮೆ ನೋಡಬೇಕು. ಮೇಷ್ಟ್ರು ಅಪ್ಪಣೆ ಮಾಡುವುದಿಲ್ಲ. ಅಪ್ಪಣೆ ಮಾಡಿದ್ದರೆ ರಾಮಾಚಾರಿ ಹೆಡೆಯೆತ್ತುತ್ತಿದ್ದ. ಊರೆಲ್ಲ ಅಪ್ಪಣೆ ಮಾಡಿಯೇ ಅವನು ಹಾಗಾದದ್ದು. ಅವರು ಕೇಳಿಕೊಳ್ಳುತ್ತಾರೆ. ಆದರೆ ಇಲ್ಲವೆನ್ನಲು ಬಾರದಂತೆ ಕೇಳಿಕೊಳ್ಳುತ್ತಾರೆ. ಗುರುವಿನ ಪ್ರೀತಿಯೊಂದೇ ಆಸ್ತಿಯಾಗಿರುವ ಹುಡುಗನ ಮುಂದೆ ಅದೇ ಪ್ರೀತಿಯನ್ನು ಒತ್ತೆಯಿಟ್ಟು ಕೇಳುವುದು ಕೋರಿಕೆಯ ವೇಷದಲ್ಲಿರುವ ಆಜ್ಞೆ. ಸ್ನೇಹ ದೊಡ್ಡದು, ತ್ಯಾಗ ದೊಡ್ಡದು ಎಂಬ ಹಿತೋಪದೇಶ ಅದಕ್ಕೆ ಹೊದಿಸಿದ ಬಟ್ಟೆ.

ಅದಕ್ಕಿಂತ ದೊಡ್ಡ ಆಕ್ಷೇಪವೊಂದಿದೆ. ಇಬ್ಬರು ಗಂಡಸರು ತಮ್ಮೊಳಗೆ ಮಾತು ಕೊಟ್ಟು ಮಾತು ತೆಗೆದುಕೊಂಡು ಮೂರನೆಯವಳ ಬಾಳನ್ನು ಇತ್ಯರ್ಥಪಡಿಸುತ್ತಾರೆ. ಅಲಮೇಲು ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅವಳನ್ನು ಕೇಳಬೇಕೆಂಬುದೂ ಮೇಷ್ಟ್ರಿಗೆ ಹೊಳೆಯುವುದಿಲ್ಲ. ಮುಂದೆ ರಾಮಾಚಾರಿಗೆ ಅವಳು ಮತ್ತೆ ಕಾಣಸಿಗುವುದು ಮೈಮಾರಿ ಬದುಕುವ ಸ್ಥಿತಿಯಲ್ಲಿ. ಪುಟ್ಟಣ್ಣ ಕಣಗಾಲರು ಆ ಭೇಟಿಯನ್ನು ಬಿಡದೆ ಇಟ್ಟಿದ್ದಾರೆ. ಶಿಷ್ಯರಿಂದ ಮಾತು ತೆಗೆದುಕೊಳ್ಳುವ ಅಭ್ಯಾಸವಿರುವ ನಾವು ಶಿಕ್ಷಕರು ಚಾಮಯ್ಯನವರನ್ನು ಪೂಜಿಸುವ ಮುನ್ನ ಆ ಭೇಟಿಯನ್ನೊಮ್ಮೆ ನೋಡತಕ್ಕದ್ದು.

ಆಡಿದರೂ ಆಡಿದಂತಾಗದ ಮಾತುಗಳೂ ಇವೆ. ತ್ರಿವೇಣಿಯವರ ಕಾದಂಬರಿಯಿಂದ ಬಂದ 'ಶರಪಂಜರ'ದಲ್ಲಿ (1971) ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಕಾವೇರಿ ಎಲ್ಲರಂತೆ ಪ್ರಶ್ನೆ ಕೇಳುತ್ತಾಳೆ, ಎಲ್ಲರಂತೆ ಸಿಟ್ಟಾಗುತ್ತಾಳೆ. ಕೇಳುವವರ ಕಿವಿಗೆ ಪ್ರಶ್ನೆ ಪ್ರಶ್ನೆಯಾಗಿ ತಲುಪುವುದಿಲ್ಲ, ಸಿಟ್ಟು ಸಿಟ್ಟಾಗಿ ತಲುಪುವುದಿಲ್ಲ. ಎರಡೂ ರೋಗಲಕ್ಷಣಗಳಾಗಿ ತಲುಪುತ್ತವೆ. ಕಲ್ಪನಾ ಅವರ ಅಭಿನಯ ಅತಿಯಾಯಿತೆನ್ನುವ ವಿಮರ್ಶಕರುಂಟು. ಎಷ್ಟು ಗಟ್ಟಿಯಾಗಿ ಹೇಳಿದರೂ ಮಾತು ದಾಟದವಳು ಇನ್ನೂ ಗಟ್ಟಿಯಾಗಿ ಹೇಳದೆ ಏನು ಮಾಡಿಯಾಳು ಎಂಬುದು ನಮ್ಮ ಉತ್ತರ. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನಾಧರಿಸಿದ, 1986ರ 'ತಬರನ ಕಥೆ'ಯಲ್ಲಿ ಇದೇ ಗತಿ ಅರ್ಜಿಗೆ ಬರುತ್ತದೆ. ಪಿಂಚಣಿಗಾಗಿ ತಬರಶೆಟ್ಟಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಕಾಯಿಲೆಯ ಹೆಂಡತಿ ತೀರಿಕೊಂಡ ಮೇಲೆ ಹಣ ಮಂಜೂರಾಗುತ್ತದೆ. ನಿವೃತ್ತರಾದ ನಮ್ಮಂಥವರಿಗೆ ಆ ಚಿತ್ರವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿಗೆ ಆರಂಭದಲ್ಲಿ ಮುಂದೂಡಿದ ಪ್ರಶ್ನೆಗೆ ಬರುತ್ತೇವೆ. ಈವರೆಗೆ ಹೇಳಿದ ಚಿತ್ರಗಳಲ್ಲಿ ವಚನ ಕೊಡುವವರು, ತೀರ್ಪು ಹೇಳಬೇಕಾದವರು, ಬೇಡಿಕೊಳ್ಳುವವರು ಯಾರೂ ನಮ್ಮ ಕನ್ನಡದಲ್ಲಿ ಮಾತಾಡುವುದಿಲ್ಲ. ಪುರಾಣದವರು ಗ್ರಾಂಥಿಕವನ್ನೂ, ಉಳಿದವರು ಮೈಸೂರು, ಮಲೆನಾಡುಗಳ ಕನ್ನಡವನ್ನೂ ಆಡುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ; ಕಥೆ ನಡೆದ ನೆಲದ ಮಾತು ಅದು. ಆದರೆ ರಾಯಚೂರು, ಕಲಬುರಗಿಯ ಕಡೆಯ ಕನ್ನಡ, ಅಂದರೆ ಕೃಷ್ಣೆಯನ್ನು ದಾಟಿ ಮಕ್ತಲ್, ನಾರಾಯಣಪೇಟೆಯವರೆಗೂ ನಾವಾಡುವ ಕನ್ನಡ, ಜನಪ್ರಿಯ ಚಿತ್ರಗಳಲ್ಲಿ ಬಹುಕಾಲ ಯಾರ ಬಾಯಲ್ಲಿತ್ತು? ಮನೆಯ ಆಳಿನ ಬಾಯಲ್ಲಿ, ಪೇಟೆಗೆ ಬಂದು ದಾರಿ ತಪ್ಪಿದ ಮುಗ್ಧನ ಬಾಯಲ್ಲಿ, ನಾಯಕನ ಹಾಸ್ಯಗಾರ ಗೆಳೆಯನ ಬಾಯಲ್ಲಿ. 'ಹೌದ್ರಿ', 'ಯಾಕ್ರಿ' ಎಂದರೆ ಸಾಕು, ಚಿತ್ರಮಂದಿರ ನಗಬೇಕು. ಆ ಚಿತ್ರಗಳಲ್ಲಿ ಹೆಂಡತಿ ಗಂಡನನ್ನು ಕರೆಯುವ 'ರೀ' ನಮ್ಮಲ್ಲಿ ಹಿರಿಯರೆಲ್ಲರಿಗೂ ಸಲ್ಲುವ ಗೌರವ. ನಮ್ಮಲ್ಲಿ 'ನೋಡೋಣ ತಗೋರಿ' ಎಂದರೆ ಮನಸ್ಸು ನೋಯಿಸದೆ ಇಲ್ಲವೆನ್ನುವುದು. 'ಬರ್ತೀನ್ರಿ' ಎಂದರೆ ಹೋಗುತ್ತೇನೆ, ಮತ್ತೆ ಬರುವ ಮಾತು ಕೊಟ್ಟು ಹೋಗುತ್ತೇನೆ ಎನ್ನುವುದು. ಇಷ್ಟೆಲ್ಲ ಕೆಲಸ ಮಾಡಬಲ್ಲ ನುಡಿಗೆ ಚಿತ್ರರಂಗ ಒಪ್ಪಿಸಿದ ಕೆಲಸ ಒಂದೇ, ನಗಿಸುವುದು.

ಚಿತ್ರರಂಗವನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಮ್ಮ ಚರಿತ್ರೆಯಲ್ಲಿಯೇ ಕನ್ನಡಕ್ಕೆ ಕೆಲವು ಕೆಲಸಗಳು ಸಿಗಲಿಲ್ಲ. ನಿಜಾಮರ ಕಾಲದಲ್ಲಿ ಸರ್ಕಾರದ ವ್ಯವಹಾರ ಉರ್ದುವಿನಲ್ಲಿ ನಡೆಯಿತು. ಹುಕುಂ, ಅರ್ಜಿ, ಜಾಮೀನು, ಹಾಜರು, ರಾಜಿ ಎಂಬ ಮಾತುಗಳು ಹಾಗೆ ನಮ್ಮ ಕನ್ನಡದಲ್ಲಿ ಬೇರೂರಿದವು. ಅವೆಲ್ಲವೂ ವಾಕ್‌ಕ್ರಿಯೆಗಳ ಹೆಸರುಗಳೇ ಎಂಬುದನ್ನು ಗಮನಿಸಬೇಕು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಕಲಬುರಗಿ ಜಿಲ್ಲೆಯ ಕೊಡಂಗಲ್, ತಾಂಡೂರುಗಳಿಗೂ ಹಾಗೆಯೇ ಆಯಿತು. ಉರ್ದುವಿನ ಹುಕುಂ ತೆಲುಗಿನ ಉತ್ತರುವಾಯಿತು. ಕನ್ನಡಕ್ಕೆ ಉಳಿದದ್ದು ಮನೆ, ಮಠ, ಜಾತ್ರೆ, ಬೀಗರೊಡನೆ ಮಾತುಕತೆ ಮತ್ತು ಕೆಲವು ಕನ್ನಡ ಮಾಧ್ಯಮದ ಶಾಲೆಗಳು. ಇಲ್ಲಿ ಕನ್ನಡದಲ್ಲಿ ಹರಸಬಹುದು, ಶಪಿಸಬಹುದು, ಆಣೆಯಿಡಬಹುದು. ತಹಶೀಲ್ದಾರರಿಗೆ ಅರ್ಜಿ ಕೊಡುವುದಾದರೆ ತೆಲುಗಿನಲ್ಲಿ ಬರೆಸಿಕೊಂಡು ಹೋಗಬೇಕು. ನಮ್ಮ ಮಕ್ಕಳಿಗೆ ಕನ್ನಡ ಶಬ್ದಗಳು ಮರೆತುಹೋಗುತ್ತಿವೆ ಎಂದು ಸಭೆಗಳಲ್ಲಿ ಕೊರಗುತ್ತೇವೆ. ಶಬ್ದಗಳು ಹೇಗೋ ಉಳಿದಾವು. ಕನ್ನಡದಲ್ಲಿ ಮಾಡುವ ಕೆಲಸಗಳು ಒಂದೊಂದಾಗಿ ಬೇರೆ ನುಡಿಗೆ ವರ್ಗವಾಗುತ್ತಿರುವುದು ಹೆಚ್ಚಿನ ಆತಂಕದ ಸಂಗತಿ.

ನಮ್ಮ ನೆರೆಯವರಿಗೂ ಇದೇ ದುಃಖವಿತ್ತು. ತೆಲಂಗಾಣದ ತೆಲುಗು ಬಹುಕಾಲ ತೆಲುಗು ಚಿತ್ರಗಳಲ್ಲಿ ಹಾಸ್ಯಗಾರರ ಮತ್ತು ಪುಂಡರ ಮಾತಾಗಿತ್ತು. 2023ರಲ್ಲಿ ವೇಣು ಯೆಲ್ದಂಡಿಯವರ 'ಬಲಗಂ' ಬಂದಿತು. ಹಿರಿಯ ಕೊಮುರಯ್ಯ ಸತ್ತಿದ್ದಾನೆ, ಇಟ್ಟ ಪಿಂಡವನ್ನು ಕಾಗೆ ಮುಟ್ಟುತ್ತಿಲ್ಲ. ಮನೆಯವರೊಳಗೆ ವರ್ಷಗಟ್ಟಲೆಯ ಮುನಿಸು. ಅದಕ್ಕೆ ಮೂಲ ಊಟದ ಎಲೆಯಲ್ಲಿ ಬೀಳದೆ ಹೋದ ಒಂದು ನಲ್ಲಿ ಮೂಳೆ! ತಪ್ಪಾಯಿತೆಂಬ ಮಾತು ಒಬ್ಬರ ಬಾಯಿಂದಲೂ ಬಾರದು. ಕೊನೆಗೆ ಹಾಡುಗಾರರು ಬಂದು ಸತ್ತವನ ಕಥೆಯನ್ನು ಹಾಡಿದ ಮೇಲೆ ಎದೆಗಳು ಕರಗುತ್ತವೆ, ಅಣ್ಣತಂಗಿಯರು ಒಂದಾಗುತ್ತಾರೆ, ಕಾಗೆ ಪಿಂಡ ಮುಟ್ಟುತ್ತದೆ. 'ಸಂಸ್ಕಾರ'ದ ಹೆಣ ತೀರ್ಪಿಗೆ ಕಾದಂತೆ ಇಲ್ಲಿಯ ಕಾಗೆ ಕ್ಷಮೆಯಾಚನೆಗೆ ಕಾಯುತ್ತದೆ. ಆ ಕ್ಷಮೆ ಗ್ರಾಂಥಿಕ ತೆಲುಗಿನಲ್ಲಿ ಬಂದಿದ್ದರೆ ಊರೂರಿನ ಬಯಲುಗಳಲ್ಲಿ ಪರದೆ ಕಟ್ಟಿ ಜನ ಕೂತು ಅಳುತ್ತಿರಲಿಲ್ಲ ಎಂದು ನಾವು ತಿಳಿದಿದ್ದೇವೆ.

ಹಾಗಾದರೆ ನಮ್ಮ ಬಗೆಯ ಕನ್ನಡದಲ್ಲಿ ಅಂಥದ್ದು ಏನೂ ಇಲ್ಲವೇ? ಇದೆ, ಮತ್ತು ಬಹಳ ಮುಂಚೆಯೇ ಇದೆ. ಟಿ. ಎಸ್. ನಾಗಾಭರಣ ಅವರ 'ನಾಗಮಂಡಲ' 1997ರಲ್ಲಿ ಬಂದಿತು. ಮೂಲ ಗಿರೀಶ ಕಾರ್ನಾಡರ ನಾಟಕ. ಚಿತ್ರಕ್ಕೆ ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಸಂಭಾಷಣೆ ಬರೆದವರು ಗೋಪಾಲ ವಾಜಪೇಯಿಯವರು. ಗಂಡ ಅಪ್ಪಣ್ಣನಾಗಿ ಅಭಿನಯಿಸಿದವರು ಪ್ರಕಾಶ್ ರೈ. ಇಲ್ಲಿಯ ಮಕ್ಕಳು ಅವರನ್ನು ಪ್ರಕಾಶ್ ರಾಜ್ ಎಂಬ ತೆಲುಗು ನಟನೆಂದೇ ಬಲ್ಲರು. ಅಪ್ಪಣ್ಣನ ಮಾತೆಲ್ಲ ಕಟ್ಟಪ್ಪಣೆ. ಹಗಲು ಮನೆಗೆ ಬರುತ್ತಾನೆ, ಉಂಡು ಬೀಗ ಹಾಕಿಕೊಂಡು ಹೋಗುತ್ತಾನೆ. ರಾಣಿಯ ಪ್ರಶ್ನೆಗಳಿಗೆ ಉತ್ತರವಿಲ್ಲ. ರಾತ್ರಿ ಅದೇ ರೂಪದಲ್ಲಿ ಬರುವ ನಾಗಪ್ಪನ ಬಾಯಲ್ಲಿ ಅದೇ ಆಡುನುಡಿ ಕೇಳುತ್ತದೆ, ಸಂತೈಸುತ್ತದೆ, ರಮಿಸುತ್ತದೆ. ಮುಖ ಒಂದೇ, ನುಡಿ ಒಂದೇ, ಹಗಲಿನ ಕ್ರಿಯೆ ಬೇರೆ, ಇರುಳಿನ ಕ್ರಿಯೆ ಬೇರೆ. ಆ ಅಂತರವನ್ನು ಅಷ್ಟು ಸೂಕ್ಷ್ಮವಾಗಿ ಹಿಡಿದ ಸಂಭಾಷಣೆ ನಮ್ಮ ಕಡೆಯ ಕನ್ನಡದಲ್ಲಿ ಇನ್ನೊಂದಿಲ್ಲವೆಂಬುದು ನಮ್ಮ ಎಣಿಕೆ.

ಕಥೆಯ ತುದಿ ನಾಗದಿವ್ಯ. ರಾಣಿ ಬಸಿರಾದಾಗ ಗಂಡ ಅದು ತನ್ನದಲ್ಲವೆನ್ನುತ್ತಾನೆ. ಊರ ಹಿರಿಯರು ಪಂಚಾಯಿತಿ ಸೇರುತ್ತಾರೆ. ಕಾರ್ನಾಡರ ನಾಟಕದಲ್ಲಿ ಅವಳು ಹುತ್ತಕ್ಕೆ ಕೈಯಿಟ್ಟು ಹಾವನ್ನು ಹಿಡಿದು ಪ್ರಮಾಣ ಮಾಡುತ್ತಾಳೆ: ತನ್ನ ಗಂಡನನ್ನು ಮತ್ತು ಈ ನಾಗನನ್ನು ಬಿಟ್ಟು ಬೇರೆ ಯಾವ ಗಂಡನ್ನೂ ತಾನು ಮುಟ್ಟಿಲ್ಲವೆಂಬುದು ಅದರ ತಿರುಳು. ಅಕ್ಷರಶಃ ನಿಜ. ಕೇಳಿದವರು ಹಿಡಿದ ಅರ್ಥವೇ ಬೇರೆ. ಹಾವು ಕಚ್ಚುವುದಿಲ್ಲ, ಹಿರಿಯರು ಅವಳನ್ನು ದೇವಿಯೆಂದು ಸಾರುತ್ತಾರೆ. ಹರಿಶ್ಚಂದ್ರನ ಪ್ರಸಂಗವನ್ನು ಇದರ ಪಕ್ಕದಲ್ಲಿಡಿ. ಅಲ್ಲಿ ಕೇಳುವವನು ತನಗೆ ಬೇಕಾದ ಅರ್ಥ ಹಿಡಿದು ಆಡಿದವನನ್ನು ಬೀದಿಪಾಲು ಮಾಡಿದ. ಇಲ್ಲಿ ಕೇಳುವವರು ತಮಗೆ ತಿಳಿದ ಅರ್ಥ ಹಿಡಿದು ಆಡಿದವಳನ್ನು ಉಳಿಸಿದರು. ಆಕೆಯ ಪ್ರಮಾಣ ಸುಳ್ಳೆನ್ನಲಾಗದು, ಪೂರ್ಣ ಸತ್ಯವೆನ್ನಲೂ ಆಗದು. ರಾಣಿಗೂ ಅದರ ಪೂರ್ಣ ಅರ್ಥ ತಿಳಿದಿತ್ತೇ ಎಂಬುದನ್ನು ಕಥೆ ಗಂಟುಕಟ್ಟಿಯೇ ಇಡುತ್ತದೆ. ನಮ್ಮ 'ರೀ'ಕಾರದ ಕನ್ನಡ ಇಂಥ ಭಾರವನ್ನು ಹೊರಬಲ್ಲದು ಎಂಬುದಕ್ಕೆ ಈ ಚಿತ್ರವೇ ಸಾಕ್ಷಿ. ನಾಗಾಭರಣರು ಅದಕ್ಕೂ ಮೊದಲು, 1990ರಲ್ಲಿ, 'ಸಂತ ಶಿಶುನಾಳ ಷರೀಫ'ದಲ್ಲಿ ಗೋವಿಂದಭಟ್ಟರು ಷರೀಫರನ್ನು ಶಿಷ್ಯನೆಂದು ಒಪ್ಪಿಕೊಳ್ಳುವ ಪ್ರಸಂಗವನ್ನು ತಂದಿದ್ದರು. ಜಾತಿಯ ಲೆಕ್ಕವನ್ನೇ ಅಳಿಸಿಹಾಕುವ ಆ ಒಪ್ಪಿಗೆಯೂ ಘಟಶ್ರಾದ್ಧದಷ್ಟೇ ಬಲವುಳ್ಳ ವಾಕ್‌ಕ್ರಿಯೆ, ದಿಕ್ಕು ಮಾತ್ರ ಅದರ ಎದುರು.

ಗಡಿನಾಡಿನ ಶಾಲೆಯ ಕಥೆಯಾದ್ದರಿಂದ 'ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ' (2018) ಚಿತ್ರದ ಬಗ್ಗೆ ನಾಲ್ಕು ಮಾತು ಹೇಳದೆ ಹೋದರೆ ನಮ್ಮ ಓದುಗರು ಒಪ್ಪಲಾರರು. ರಿಷಬ್ ಶೆಟ್ಟಿಯವರ ಈ ಚಿತ್ರದಲ್ಲಿ ಕನ್ನಡ ಶಾಲೆ ಮುಚ್ಚುವ ಆದೇಶ, ಮಕ್ಕಳ ಹೋರಾಟ, ನ್ಯಾಯಾಲಯದಲ್ಲಿ ಅನಂತನಾಗ್ ಅವರ ವಾದ ಎಲ್ಲವೂ ಇವೆ. ಆ ವಾದಕ್ಕೆ ಎಲ್ಲೆಡೆ ಚಪ್ಪಾಳೆ ಬಿದ್ದಿತು. ಅದು ಅಷ್ಟು ದೀರ್ಘವಾಗಬೇಕಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ನ್ಯಾಯಾಧೀಶರಿಗೆ ಹೇಳಬೇಕಾದ ಮಾತು ಅರ್ಧಕ್ಕೆ ಮುಗಿದು ಉಳಿದರ್ಧ ಪ್ರೇಕ್ಷಕರಿಗೆ ಮಾಡಿದ ಭಾಷಣವಾಗಿದೆ. ಚಿತ್ರದ ಮೊದಲ ಭಾಗದಲ್ಲಿ ಹುಡುಗರು ತಮ್ಮತಮ್ಮೊಳಗೆ ಆಡುವ ಬೈಗುಳ, ಪಂದ್ಯ, ಗುಟ್ಟಿನ ಒಪ್ಪಂದಗಳಲ್ಲಿ ಕನ್ನಡ ಹೆಚ್ಚು ಜೀವಂತವಾಗಿದೆ. ಶಾಲೆ ಉಳಿಯಬೇಕಾದದ್ದು ಅದಕ್ಕಾಗಿ.

ಈಗಿನ ಪರಿಸ್ಥಿತಿ ಇನ್ನೂ ವಿಚಿತ್ರ. ಹಿಂದೆ ನಮ್ಮವರು ಕನ್ನಡ ಚಿತ್ರ ನೋಡಲು ರಾಯಚೂರಿಗೆ ಹೋಗಿಬರುತ್ತಿದ್ದರು. ಈಗ ಕನ್ನಡ ಚಿತ್ರಗಳೇ ತೆಲುಗು ಮಾತಾಡಿಕೊಂಡು ನಮ್ಮೂರಿಗೆ ಬರುತ್ತವೆ. 2018ರ 'ಕೆಜಿಎಫ್' ಚಿತ್ರವನ್ನು ನಾರಾಯಣಪೇಟೆಯ ಕನ್ನಡದ ಹುಡುಗ ತೆಲುಗಿನಲ್ಲಿ ನೋಡಿ, ಅದರ ಮಾತುಗಳನ್ನು ತೆಲುಗಿನಲ್ಲಿಯೇ ಒಪ್ಪಿಸುತ್ತಾನೆ. ಹೆಚ್ಚು ನಷ್ಟವಾಗಿಲ್ಲವೆಂದೇ ಹೇಳಬೇಕು, ಏಕೆಂದರೆ ಇಂಥ ಚಿತ್ರಗಳ ನಾಯಕರು ಮಾಡುವ ವಾಕ್‌ಕ್ರಿಯೆಗಳು ಎರಡೇ, ಹೆಮ್ಮೆ ಕೊಚ್ಚುವುದು ಮತ್ತು ಬೆದರಿಸುವುದು. ಅವಕ್ಕೆ ಯಾವ ಭಾಷೆಯಾದರೂ ಆದೀತು. ಆಡಿದ ಮೇಲೆ ಆಡಿದವನ ಬಾಳಿನಲ್ಲಿ ಏನೂ ಬದಲಾಗುವುದಿಲ್ಲ. ಬಿದ್ದವನು ಎದುರಿಗಿದ್ದವನು ಮಾತ್ರ.

2022ರ 'ಕಾಂತಾರ'ವೂ ನಮ್ಮಲ್ಲಿಗೆ ತೆಲುಗಿನಲ್ಲಿ ಬಂದಿತು, ಆದರೆ ಅದರ ವಿಚಾರ ಬೇರೆ. ಅರಸನೊಬ್ಬ ದೈವವನ್ನು ಪಡೆಯಲು ಜನರಿಗೆ ಭೂಮಿ ಬಿಟ್ಟುಕೊಡುವ ಮಾತು ಕೊಟ್ಟಿದ್ದಾನೆ. ಅವನ ಸಂತತಿಯವನೊಬ್ಬ ಭೂಮಿಯನ್ನು ಮರಳಿ ಕೇಳಲು ಬಂದು, ಆಡುತ್ತಿರುವುದು ದೈವವೋ ಕೋಲ ಕಟ್ಟಿದ ಮನುಷ್ಯನೋ ಎಂದು ಅನುಮಾನಿಸುತ್ತಾನೆ. ನಮ್ಮ ಲೇಖನದ ಪ್ರಶ್ನೆಯೇ ಅದು: ಈ ಮಾತನ್ನು ಆಡುತ್ತಿರುವವರು ಯಾರು, ಯಾವ ಅಧಿಕಾರದಿಂದ? ಮನುಷ್ಯನಾದರೆ ಮತ್ತೆ ಸಿಗುತ್ತೇನೆ, ದೈವವಾದರೆ ಸಿಗಲಾರೆ ಎಂಬ ಅರ್ಥದ ಉತ್ತರ ಕೊಟ್ಟು ದೈವ ಕಾಡಿನಲ್ಲಿ ಕಾಣೆಯಾಗುತ್ತದೆ. ಕೇಳಿದವನು ನ್ಯಾಯಾಲಯದ ಮೆಟ್ಟಿಲಲ್ಲಿ ರಕ್ತ ಕಾರಿ ಸಾಯುತ್ತಾನೆ. ಚಿತ್ರದ ಕೊನೆಯಲ್ಲಿ ದೈವವು ಅಧಿಕಾರಿಯ ಮತ್ತು ಊರವರ ಕೈಗಳನ್ನು ಹಿಡಿದು ಒಂದುಗೂಡಿಸುವಾಗ ಮಾತೇ ಇಲ್ಲ. ಭಾಷೆ ತೆಗೆದುಕೊಳ್ಳುವ ಕೆಲಸ ಭಾಷೆಯಿಲ್ಲದೆ ನಡೆಯುತ್ತದೆ. ಅಷ್ಟು ಮಾತ್ರ ಯಾವ ಡಬ್ಬಿಂಗಿನ ಹಂಗೂ ಇಲ್ಲದೆ ಕರಾವಳಿಯವರಿಗೂ ನಮಗೂ ಒಂದೇ ರೀತಿ ಮುಟ್ಟಿತು.

ಉಳಿದದ್ದಕ್ಕೆ ಡಬ್ಬಿಂಗಿನ ಹಂಗಿದೆ. ಆದಕಾರಣ ಸಂಘದ ಬಂಧುಗಳಲ್ಲಿ ನಮ್ಮದೊಂದು ಕೋರಿಕೆ. ಇದರಲ್ಲಿ ಚಾಮಯ್ಯ ಮೇಷ್ಟ್ರ ಒತ್ತಾಯವಿಲ್ಲ, ಇಲ್ಲವೆನ್ನಲು ಅವಕಾಶವಿದೆ. ಬೇಸಿಗೆಯ ರಜೆಯಲ್ಲಿ ಒಂದು ಸಂಜೆ ಮಕ್ಕಳು, ಮೊಮ್ಮಕ್ಕಳನ್ನು ಕೂಡಿಸಿಕೊಂಡು 'ನಾಗಮಂಡಲ'ವನ್ನು ಕನ್ನಡದಲ್ಲಿ ನೋಡಬೇಕು. ಅದರಲ್ಲಿ ತಮ್ಮ ಅಜ್ಜಿ ಆಡುವಂಥ ಮಾತನ್ನು ಕೇಳಿ ಮಕ್ಕಳು ಮೊದಲು ನಗಬಹುದು, ನಗಲಿ. ಚಿತ್ರ ಮುಗಿದ ಮೇಲೆ ನಾಗದಿವ್ಯದ ಪ್ರಸಂಗವನ್ನು ಹೇಳಿ, ರಾಣಿ ಮಾಡಿದ ಪ್ರಮಾಣ ಸುಳ್ಳೋ ನಿಜವೋ ಎಂದು ಕೇಳಬೇಕು. ಉತ್ತರ ತೆಲುಗಿನಲ್ಲಿ ಬಂದರೂ ತಡೆಯದೆ ಕೇಳಿಸಿಕೊಳ್ಳಿರಿ. ಮುಂದಿನ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿರಿ.